ಹೊಸ ಅಳಿಯನ ರಾತ್ರಿ ಊಟ

ಮಂಗಳೂರಿನಿಂದ ಕಾಸರಗೋಡಿಗೆ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ತಾಸು. ಆ ಒಂದು ತಾಸಿನಲ್ಲಿ ಎಷ್ಟು ಸೇತುವೆಗಳು ಧಡಧಡ ಸದ್ದು ಮಾಡಿ ಹೋಗುತ್ತವೆಂದರೆ, ಕಿಟಕಿ ಪಕ್ಕ ಕೂತವರಿಗೆ ಕೈಯಲ್ಲಿರುವ ಪುಸ್ತಕ ನೆನಪಾಗುವುದೇ ಇಲ್ಲ. ನೇತ್ರಾವತಿ ಮುಗಿದ ಮೇಲೆ ಮಂಜೇಶ್ವರದ ಹೊಳೆ, ಉಪ್ಪಳದ ಹೊಳೆ, ಶಿರಿಯ, ಮೊಗ್ರಾಲು. ಇನ್ನೂ ತೆಂಕಕ್ಕೆ ಹೋದರೆ ಚಂದ್ರಗಿರಿ, ತೇಜಸ್ವಿನಿ. ಕೇರಳದ 44 ನದಿಗಳಲ್ಲಿ 12 ಈ ಪುಟ್ಟ ಜಿಲ್ಲೆಯಲ್ಲೇ ಹರಿಯುತ್ತವೆಯಂತೆ. ಹೊಳೆ ದಾಟಿದ ಹಾಗೆ ನಮ್ಮ ಬೋಗಿಯ ಮಾತೂ ಬದಲಾಗುತ್ತಿತ್ತು. ಎದುರಿಗೆ ಕೂತ ಹೆಂಗಸು ಮಗಳೊಡನೆ ತುಳುವಿನಲ್ಲಿ ಸಿಡುಕಿ, ಫೋನಿನಲ್ಲಿ ಮಲಯಾಳದಲ್ಲಿ ನಕ್ಕು, ನನ್ನ ಕಡೆ ತಿರುಗಿ ಅಪ್ಪಟ ಕನ್ನಡದಲ್ಲಿ, 'ನೀವು ಘಟ್ಟದ ಮೇಲಿನವರಾ?' ಎಂದು ಕೇಳಿದರು. ಹೌದು, ಸಾಗರದವರು ಎಂದೆ.

ಬಂದದ್ದಕ್ಕೆ ಒಂದು ನೆಪವಿತ್ತು. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿತ್ತು. ಏಪ್ರಿಲ್ ಕೊನೆಯ ಸೆಕೆಯಲ್ಲಿ ಕಡಲತೀರಕ್ಕೆ ಹೋಗುವುದು ಬುದ್ಧಿವಂತರ ಕೆಲಸವೇನಲ್ಲ, ಆದರೆ ಮದುವೆಯಾದದ್ದು ಆ ತಿಂಗಳಿನಲ್ಲೇ. ಒಂದು ರಾತ್ರಿಯಾದರೂ ಎಲ್ಲಾದರೂ ವಿಶೇಷವಾಗಿ ಊಟ ಮಾಡಬೇಕು ಎನ್ನುವುದು ಇಬ್ಬರ ಒಪ್ಪಂದ. ಅಲ್ಲಿಂದಾಚೆಗೆ ಒಪ್ಪಂದವಿಲ್ಲ. ಇವರ ಧೈರ್ಯ ಮೊಟ್ಟೆಯವರೆಗೆ ಮಾತ್ರ. ನಾನು ಮೀನು ತಿನ್ನದೆ ಸಮುದ್ರವನ್ನು ನೋಡಿದರೆ ಸಮುದ್ರಕ್ಕೇ ಅವಮಾನ ಎಂದುಕೊಂಡವಳು. ಇಬ್ಬರಿಗೂ ಹಬ್ಬವಾಗುವಂಥ ಒಂದು ಮೇಜು ಹುಡುಕಬೇಕಿತ್ತು.

ಮೊದಲು ಬೇಕಲದ ಕೋಟೆ. ಹೋಗದೆ ಇರುವುದಾದರೂ ಹೇಗೆ? ಆ ಕೋಟೆ ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕ, 1650ರ ಸುಮಾರಿಗೆ. ಕೆಳದಿಗೆ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದ ನಮಗೆ ಅವನು ನೆರೆಮನೆಯ ಹಿರಿಯ ಇದ್ದಂತೆ. ಕಾಡಿನ ನಡುವಿನ ಬಿದನೂರಿನಿಂದ ಆಳುತ್ತಿದ್ದವನು ಇಲ್ಲಿಗೆ ಬಂದು, 40 ಎಕರೆ ಸುತ್ತುವ ಮುರಕಲ್ಲಿನ ಗೋಡೆಯನ್ನು ಸೀದಾ ಸಮುದ್ರದ ಬಾಯಿಗೆ ಇಳಿಸಿ ಕೂತಿದ್ದಾನೆ! ಕೇರಳದಲ್ಲಿ ಇದಕ್ಕಿಂತ ದೊಡ್ಡ ಕೋಟೆ ಇಲ್ಲ. ನಡುವೆ ಇರುವ ಎತ್ತರದ ಬುರುಜು ಹತ್ತಿ ನಿಂತೆವು. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ದಿಗಂತದವರೆಗೂ ತೆಂಗಿನ ತಲೆಗಳು. ಮೂರೂವರೆ ಶತಮಾನದ ಹಿಂದೆ ನಮ್ಮೂರ ಕಡೆಯ ಯಾವನೋ ಕಾವಲಿನ ಆಳು ಇಲ್ಲಿ ನಿಂತು ರಾತ್ರಿ ಊಟಕ್ಕೆ ಏನು ತಿಂದಿರಬಹುದು ಎಂದು ಯೋಚನೆ ಬಂತು. ಅಕ್ಕಿಯಂತೂ ಇದ್ದೇ ಇತ್ತು. ಕೆಳದಿಯವರ ಬಂದರುಗಳಿಂದ ಅಕ್ಕಿ ಗೋವೆಯ ಪೋರ್ಚುಗೀಸರಿಗೂ ಮಸ್ಕತ್ತಿಗೂ ಹೋಗುತ್ತಿತ್ತು. ಅದಕ್ಕೂ ಹಿಂದೆ, 1514ರಲ್ಲಿ, ಕುಂಬಳೆಗೆ ಬಂದ ದುವಾರ್ತೆ ಬಾರ್ಬೋಸ ಎಂಬ ಪೋರ್ಚುಗೀಸನು ಇಲ್ಲಿನ ಅಕ್ಕಿ ಮಾಲ್ದೀವಿಗೆ ಹೋಗಿ, ಬದಲಿಗೆ ಅಲ್ಲಿಂದ ತೆಂಗಿನ ನಾರು ಬರುವುದನ್ನು ಬರೆದಿಟ್ಟಿದ್ದಾನೆ.

ಬೇಕಲವನ್ನು ವಿಶೇಷ ಪ್ರವಾಸಿ ಪ್ರದೇಶವೆಂದು ಸರಕಾರ ಘೋಷಿಸಿದ್ದು 1992ರಲ್ಲಿ. ಈಗ ಆಸುಪಾಸಿನ ಹೊಳೆಬಾಯಿಗಳಲ್ಲಿ ದೊಡ್ಡ ದೊಡ್ಡ ರೆಸಾರ್ಟ್‌ಗಳಿವೆ. ಹುಲ್ಲುಹಾಸಿನ ಮೇಲೆ ಬಿಳಿ ಬಟ್ಟೆಯ ಮೇಜು, ಗಾಜಿನೊಳಗೆ ದೀಪ, ಆಚೆ ನಿಂತ ನೀರಿನಲ್ಲಿ ಆ ದೀಪಗಳ ನೆರಳು. ಚೆಂದವಿಲ್ಲ ಎಂದರೆ ನಾಲಿಗೆ ಸುಳ್ಳಾಡಿದಂತೆ. ಆದರೆ ಊಟದ ಪಟ್ಟಿ ಓದುತ್ತಾ ಹೋದರೆ, ಇದೇ ಊಟವನ್ನು ಗೋವೆಯಲ್ಲೋ ಅಂಡಮಾನಿನಲ್ಲೋ ಕೂತು ಮಾಡಬಹುದಲ್ಲ ಅನ್ನಿಸಿತು. ಇವರು ದರದ ಕಡೆ ಬೆರಳಿಟ್ಟು ಸುಮ್ಮನೆ ನನ್ನ ಮುಖ ನೋಡಿದರು. ಮಾತಿಲ್ಲದೆ ಎದ್ದೆವು.

ಪೇಟೆಯ ಕಥೆಯೇ ಬೇರೆ. ಸಂಜೆಯಾದರೆ ಕಾಸರಗೋಡಿನ ಹಳೆ ಬಸ್‌ಸ್ಟ್ಯಾಂಡ್ ಸುತ್ತ ಬೆಂಕಿಯ ಕೆಂಡ, ಹೊಗೆ, ಕೋಳಿ. ಕುಳಿಮಂದಿ, ಅಲ್ಫಹಾಮ್, ಶವಾಯಿ ಎಂದು ಉರಿಯುವ ಬೋರ್ಡುಗಳು. ಯೆಮೆನ್ ದೇಶದಲ್ಲಿ ನೆಲದಲ್ಲಿ ಕುಳಿ ತೋಡಿ ಅನ್ನ ಮಾಂಸ ಬೇಯಿಸುವ ಪದ್ಧತಿ ಗಲ್ಫಿಗೆ ಹೋದವರ ಜೊತೆ ಮರಳಿ ಬಂದು ಇಲ್ಲಿ ಬೇರುಬಿಟ್ಟಿದೆ. ದೊಡ್ಡ ಹರಿವಾಣದ ಸುತ್ತ ಏಳೆಂಟು ಹುಡುಗರು ಕೂತು ಒಂದೇ ಗುಡ್ಡೆಯಿಂದ ಉಣ್ಣುತ್ತಾರೆ. ಅದಕ್ಕೆ ಬಳಗ ಬೇಕು. ಗಂಡ ಹೆಂಡತಿ ಇಬ್ಬರೇ, ಅದರಲ್ಲೂ ಒಬ್ಬರು ಬರೀ ಅನ್ನ ಆರಿಸುವವರು, ಹೋಗಿ ಮಾಡುವುದೇನು?

ಮರುದಿನ ಕಾರು ಮಾಡಿಕೊಂಡೆವು. ಓಡಿಸುವವರು ತಳಂಗರೆ ಕಡೆಯವರು, ಬಹಳ ಕಾಲ ಶಾರ್ಜಾದಲ್ಲಿದ್ದು ಬಂದವರು. ದಾರಿಯಲ್ಲಿ ಸಿಕ್ಕವರೆಲ್ಲ 'ಇಚ್ಚ' ಎಂದು ಕರೆಯುತ್ತಿದ್ದರಿಂದ ನಮಗೂ ಅವರು ಇಚ್ಚನೇ ಆದರು. ವಿಶೇಷ ಊಟ ಎಲ್ಲಿ ಮಾಡಬಹುದು ಎಂದು ಕೇಳಿದ್ದಕ್ಕೆ, 'ಅಕ್ಕ, ಮೊದಲು ಊರು ನೋಡಿ. ಹೊಟ್ಟೆಗೆ ಆಮೇಲೆ ಗೊತ್ತಾಗ್ತದೆ' ಎಂದರು.

ಅನಂತಪುರಕ್ಕೆ ಕರೆದೊಯ್ದರು. ಮುರಕಲ್ಲಿನ ಬೋಳು ಗುಡ್ಡದ ನಡುವೆ ಇದ್ದಕ್ಕಿದ್ದಂತೆ ಒಂದು ಸರೋವರ, ಅದರ ನಡುವೆ ಗುಡಿ. ತಿರುವನಂತಪುರದ ಅನಂತಪದ್ಮನಾಭನ ಮೂಲಸ್ಥಾನ ಇದೇ ಎನ್ನುವುದು ನಂಬಿಕೆ. ಈ ಕೆರೆಯಲ್ಲಿ ದೇವರ ನೈವೇದ್ಯವನ್ನೇ ಉಂಡು ಬದುಕುತ್ತಿತ್ತು ಎನ್ನಲಾದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಊರೆಲ್ಲ ಬಂದು ಕೈಮುಗಿದು ಕಳಿಸಿಕೊಟ್ಟಿತ್ತು. 'ನೋಡು, ಮೊಸಳೆಯೂ ಸಸ್ಯಾಹಾರಿಯಾಗಿ ಇರಬಹುದು' ಎಂದರು ಇವರು. ಮೊಟ್ಟೆ ತಿನ್ನುತ್ತಿತ್ತೋ ಇಲ್ಲವೋ ವಿಚಾರಿಸಿ ಎಂದೆ.

ಅಲ್ಲಿಂದ ಮಧೂರು. ಮಧುವಾಹಿನಿ ಹೊಳೆಯ ಪಕ್ಕ, ಆನೆಯ ಬೆನ್ನಿನ ಆಕಾರದ ಮೂರಂತಸ್ತಿನ ತಾಮ್ರದ ಮಾಡು. ಇಲ್ಲಿ ಒಡೆಯ ಮದನಂತೇಶ್ವರ, ಆದರೆ ಹೆಸರೆಲ್ಲ ಗಣಪತಿಯದು. ಅವನಿಗೆ ಪ್ರಿಯವಾದದ್ದು ಅಪ್ಪ. ಅಪರೂಪಕ್ಕೊಮ್ಮೆ ನಡೆಯುವ ಮೂಡಪ್ಪ ಸೇವೆಯಲ್ಲಿ ಆ ಎತ್ತರದ ಗಣಪತಿಯನ್ನು ಅಪ್ಪಗಳಿಂದಲೇ ಮುಚ್ಚಿಬಿಡುತ್ತಾರೆ. ಎಲೆಯ ಪೊಟ್ಟಣ ಬಿಚ್ಚಿದಾಗ ಬೆಲ್ಲ ತುಪ್ಪದ ಕಂಪಿಗೆ ಇಚ್ಚನೂ ಕೈಚಾಚಿದರು.

ಮಧ್ಯಾಹ್ನಕ್ಕೆ ನೀರ್ಚಾಲಿನ ಕಡೆ ಒಬ್ಬ ಪರಿಚಯದ ಹವ್ಯಕರ ಮನೆ. ಅಡಕೆ ತೋಟದ ನಡುವೆ ಹಂಚಿನ ಮಾಡು, ಒಳಗೆ ಕಾಲಿಟ್ಟರೆ ಹೊರಗಿನ ಸೆಕೆ ಸುಳ್ಳು ಅನ್ನಿಸುವಂಥ ತಂಪು. ಬಾಳೆ ಎಲೆಯ ತುದಿಯಿಂದ ಶುರುವಾದದ್ದು ಮುಗಿಯಲೇ ಇಲ್ಲ. ಒಂದೆಲಗದ ತಂಬುಳಿ, ಮಾವಿನಹಣ್ಣಿನ ಸಾಸಿವೆ, ಬದನೆಯ ಬೆಂದಿ, ಸೌತೆಯ ಮೇಲಾರ, ಹಲಸಿನ ಹಪ್ಪಳ, ಹಲಸಿನ ಹಣ್ಣಿನ ಕೊಟ್ಟಿಗೆಯ ಮೇಲೆ ತುಪ್ಪ. ಇವರ ಮುಖದಲ್ಲಿ ಮೂಡಿದ ಶಾಂತಿ ನೋಡಿ, ನಮ್ಮ ವಿಶೇಷ ಊಟ ಆಗಿಯೇ ಹೋಯಿತೇನೋ ಎಂದು ಹೆದರಿಕೆಯಾಯಿತು. ನಾವು ರಾತ್ರಿಯ ಊಟಕ್ಕೆ ಜಾಗ ಹುಡುಕುತ್ತಿರುವ ವಿಷಯ ಹೇಳಿದಾಗ ಮನೆಯ ಅಜ್ಜಿ ಬೆರಗಾಗಿ ಕೇಳಿದರು: 'ಇರುಳು ವಿಶೇಷದ ಊಟವೋ? ವಿಶೇಷ ಎಲ್ಲ ಮಧ್ಯಾಹ್ನಕ್ಕೆ ಅಲ್ಲದೋ!'

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಹೌದಲ್ಲ! ನಮ್ಮ ಮದುವೆ, ಮುಂಜಿ, ಗೃಹಪ್ರವೇಶ, ಓಣಂ, ಜಾತ್ರೆ, ಯಾವುದರ ದೊಡ್ಡ ಊಟವೂ ನೆತ್ತಿಯ ಮೇಲೆ ಸೂರ್ಯ ಇರುವಾಗಲೇ. ರಾತ್ರಿಗೆ ಗಂಜಿಯೋ ದೋಸೆಯೋ, ಉಳಿದ ಸಾರೋ. ಹಾಗಾದರೆ ಮೇಣದ ಬತ್ತಿ ಹಚ್ಚಿಕೊಂಡು ರಾತ್ರಿ ಕೂತು ಉಣ್ಣುವ ನಮ್ಮ ಆಸೆ ಸಿನಿಮಾದಿಂದ ಬಂದದ್ದೇ? ಈ ಕರಾವಳಿಯಲ್ಲಿ ರಾತ್ರಿಯೇ ಹಬ್ಬವಾಗುವ ಅಡುಗೆಮನೆ ಯಾವುದೂ ಇಲ್ಲವೇ? ಕಾರಿನಲ್ಲಿ ಕೂತು ಇಚ್ಚನಿಗೆ ಇದನ್ನೇ ಕೇಳಿದೆ. ಅವರು ಗೇರು ಬದಲಿಸುತ್ತಾ, 'ಉಂಟು. ನಾಳೆ ಹೇಳ್ತೇನೆ. ಮೊದಲು ಕಡುಕ್ಕ ನೋಡಿ ಬನ್ನಿ' ಎಂದರು.

ಕಡುಕ್ಕ ಎಂದರೆ ಮಂಗಳೂರಿನವರ ಪಚ್ಚಿಲೆ. ಅದನ್ನು ನೋಡಲು ಜಿಲ್ಲೆಯ ತೆಂಕಣ ತುದಿಗೆ, ನೀಲೇಶ್ವರದ ಆಚೆ, ವಲಿಯಪರಂಬದ ಹಿನ್ನೀರಿಗೆ ಹೋದೆವು. ಕೋಟ್ಟಪ್ಪುರಂ ಕಟ್ಟೆಯಿಂದ ಮನೆದೋಣಿಗಳು ಹೊರಡುತ್ತವೆ. ಸಮುದ್ರಕ್ಕೂ ಹಿನ್ನೀರಿಗೂ ನಡುವೆ ತೆಂಗಿನ ಗೀಟು ಎಳೆದಂತೆ ಉದ್ದಕ್ಕೆ ಮಲಗಿದ ದ್ವೀಪ. ಎಡಕ್ಕೆ ಕೈಚಾಚಿದರೆ ಊರು, ಬಲಕ್ಕೆ ಕಿವಿಕೊಟ್ಟರೆ ಅಲೆ. ನೀರಿನ ನಡುವೆ ಸಾಲುಸಾಲು ಬಿದಿರಿನ ಚಪ್ಪರಗಳಿದ್ದವು, ಮೇಲೆ ಬಳ್ಳಿಯಿಲ್ಲ. ತೋಟ ಇರುವುದು ನೀರಿನ ಕೆಳಗೆ. ಮಳೆಗಾಲ ಮುಗಿದ ಮೇಲೆ ಉಪ್ಪು ಏರಿದಾಗ, ಬಂಡೆಗಳಿಂದ ಬಿಡಿಸಿ ತಂದ ಎಳೆ ಕಡುಕ್ಕವನ್ನು ಹಗ್ಗದ ಸುತ್ತ ಇಟ್ಟು ತೆಳ್ಳನೆಯ ಹತ್ತಿ ಬಟ್ಟೆಯಿಂದ ಹೊಲಿದು ಇಳಿಬಿಡುತ್ತಾರೆ. ಕೆಲವೇ ದಿನಗಳಲ್ಲಿ ಬಟ್ಟೆ ಕೊಳೆತು ಕರಗಿಹೋಗುತ್ತದೆ. ಅಷ್ಟರೊಳಗೆ ಒಳಗಿನ ಜೀವಗಳು ತಮ್ಮದೇ ನೂಲು ಬಿಟ್ಟು ಹಗ್ಗಕ್ಕೆ ಕಚ್ಚಿಕೊಂಡಿರುತ್ತವೆ! ಮೇ ಮುಗಿಯುವುದರೊಳಗೆ ಕೊಯ್ಲು. ಮಳೆ ಬಿದ್ದು ಸಿಹಿನೀರು ನುಗ್ಗಿದರೆ ಎಲ್ಲವೂ ಸತ್ತುಹೋಗುತ್ತದೆ.

ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ತೊಂಬತ್ತರ ದಶಕದಲ್ಲಿ ಕಲಿಸಿಕೊಟ್ಟ ಈ ಕೃಷಿಯನ್ನು ಪಡನ್ನ, ಚೆರುವತ್ತೂರು ಕಡೆಯ ಹೆಂಗಸರ ಸಂಘಗಳು ಕೈಗೆತ್ತಿಕೊಂಡವು. ನಾವು ಹೋದಾಗ ಕೊಯ್ಲಿನ ಗಡಿಬಿಡಿ. ಒಬ್ಬಾಕೆ ಎದೆಯಾಳದ ನೀರಿನಲ್ಲಿ ನಿಂತು ಹಗ್ಗ ಎತ್ತಿದಳು. ತೋಳಿನ ಗಾತ್ರಕ್ಕೆ ಕಪ್ಪುಹಸಿರು ಚಿಪ್ಪುಗಳು ಒಂದರ ಮೇಲೊಂದು ಕಚ್ಚಿಕೊಂಡು, ನೀರು ಸುರಿಸುತ್ತಾ, ಬಿಸಿಲಿಗೆ ನವಿಲಿನ ಕತ್ತಿನ ಬಣ್ಣ ತೋರಿಸುತ್ತಾ ಮೇಲೆ ಬಂದವು. ನನಗೆ ಮಾತು ಹೊರಡಲಿಲ್ಲ. ದೋಣಿಯಲ್ಲೇ ರಾತ್ರಿ ಉಳಿದರೆ ಊಟವೂ ಸಿಗುತ್ತಿತ್ತು, ತಂಗಾಳಿಯೂ ಸಿಗುತ್ತಿತ್ತು. ಆದರೆ ಇಚ್ಚ ಬಚ್ಚಿಟ್ಟುಕೊಂಡಿದ್ದ ಉತ್ತರ ನನ್ನನ್ನು ಎಳೆಯುತ್ತಿತ್ತು. ಒಂದು ಚೀಲ ಕಡುಕ್ಕವನ್ನು ಅವರೇ ಕೊಂಡು ಡಿಕ್ಕಿಗೆ ಹಾಕಿದರು. ಯಾಕೆಂದರೆ ಹೇಳಲಿಲ್ಲ.

ಹಿಂದಕ್ಕೆ ಬರುವಾಗ ಹೇಳಿದರು. ಇಲ್ಲಿ ರಾತ್ರಿಯ ದೊಡ್ಡ ಊಟ ಅಳಿಯನದು. ಪುದಿಯಾಪ್ಲ ಎಂದರೆ ಹೊಸ ಮದುಮಗ. ಉತ್ತರ ಮಲಬಾರಿನ ಮುಸ್ಲಿಂ ಮನೆಗಳಲ್ಲಿ ಮದುವೆಯಾದ ಗಂಡು ರಾತ್ರಿಗೆ ಹೆಂಡತಿಯ ಮನೆಗೆ ಬಂದು ಉಳಿಯುವ ರೂಢಿ ಬಹಳ ಕಡೆ ಇತ್ತು, ಕೆಲವೆಡೆ ಈಗಲೂ ಇದೆ. ಅವನನ್ನು ಕರೆಸಿ ಉಣಿಸುವುದಕ್ಕೆ ಸಲ್ಕಾರ ಎನ್ನುತ್ತಾರೆ. ಅತ್ತೆಯ ಹೆಸರು ಊರಲ್ಲಿ ಉಳಿಯುವುದೂ ಅಳಿಯುವುದೂ ಆ ರಾತ್ರಿ ಮೇಜಿನ ಮೇಲೆ ಎಷ್ಟು ಬಗೆ ಇತ್ತು ಎನ್ನುವುದರ ಮೇಲೆ. 'ಹಗಲಿಗೆ ಅವನಿಗೆ ಅಂಗಡಿ ಉಂಟಲ್ಲ ಅಕ್ಕ, ರಾತ್ರಿಗೆ ಅತ್ತೆಮನೆ' ಎಂದು ನಕ್ಕರು. ತಳಂಗರೆಯಲ್ಲಿ ಅವರ ದೂರದ ಸಂಬಂಧದ ಉಮ್ಮ ಒಬ್ಬರಿದ್ದಾರೆ, ಹೇಳಿದವರಿಗೆ ಮನೆಯಲ್ಲೇ ಅಡುಗೆ ಮಾಡಿ ಬಡಿಸುತ್ತಾರೆ, ಹೊಸ ಅಳಿಯ ಬರುತ್ತಿದ್ದಾನೆ ಎಂದು ಹೇಳಿದ್ದೇನೆ ಎಂದರು. ಇವರು ನರೆತ ಮೀಸೆ ಸವರಿಕೊಂಡರು.

ತಳಂಗರೆ ಚಂದ್ರಗಿರಿ ಹೊಳೆ ಸಮುದ್ರ ಸೇರುವ ಕಡೆ ಇದೆ. ನೂಲಿನ ಕಸೂತಿಯ ಟೊಪ್ಪಿಗೆ ಹೆಸರಾದ ಊರು. ಇಲ್ಲಿನ ಮಾಲಿಕ್ ದೀನಾರ್ ಮಸೀದಿ ಏಳನೆಯ ಶತಮಾನದಲ್ಲಿ ಅರಬ್ ದೇಶದಿಂದ ಬಂದವರು ಕಟ್ಟಿದ್ದು ಎಂಬ ನಂಬಿಕೆಯಿದೆ. ಸಂಜೆಯ ಬಾಂಗ್ ಮುಗಿದ ಮೇಲೆ ಮನೆ ಸೇರಿದೆವು. ಉಮ್ಮ ಬಾಗಿಲಿಗೆ ಬಂದು ಇವರನ್ನು ಮೇಲಿಂದ ಕೆಳಗೆ ನೋಡಿ, 'ಪುದಿಯಾಪ್ಲ ಸ್ವಲ್ಪ ತಡವಾಗಿ ಬಂದ್ರಲ್ಲ' ಎಂದರು, ಕನ್ನಡದಲ್ಲೇ. ಅವರು ಶಾಲೆಯಲ್ಲಿ ಓದಿದ್ದು ಕನ್ನಡವಂತೆ.

ನಾನು ಅಡುಗೆಮನೆಗೇ ಹೋಗಿ ನಿಂತೆ. ನಮ್ಮ ಕಡುಕ್ಕ ಅಲ್ಲಿ ಮುಂಚೆಯೇ ತಲುಪಿತ್ತು. ಕುಚ್ಚಿಲಕ್ಕಿಯನ್ನು ನೆನೆಸಿ, ತೆಂಗಿನತುರಿ, ಸಣ್ಣ ಈರುಳ್ಳಿ, ಬಡೆಸೋಂಪು, ಜೀರಿಗೆ ಹಾಕಿ ತರಿತರಿಯಾಗಿ ರುಬ್ಬಿದ ಹಿಟ್ಟು. ಬಾಯಿಬಿಡಿಸಿದ ಚಿಪ್ಪಿನೊಳಗೆ ಹೆಬ್ಬೆರಳಿನಿಂದ ಅದನ್ನು ಒತ್ತಿ ತುಂಬಿ ಹಬೆಯಲ್ಲಿ ಬೇಯಿಸಿದ್ದರು. ಈಗ ಚಿಪ್ಪು ಕಳಚಿದರೆ ಚಿಪ್ಪಿನದೇ ಆಕಾರದ ಅಕ್ಕಿಯ ಗಟ್ಟಿ, ಅದರ ಬೆನ್ನಿಗೆ ಅಂಟಿಕೊಂಡ ಕಿತ್ತಳೆ ಬಣ್ಣದ ಮಾಂಸ. ಕಾರದ ಮಸಾಲೆ ಬಳಿದು ಎಣ್ಣೆಗೆ ಬಿಟ್ಟರು. ಇದು ಅರಿಕಡುಕ್ಕ. ಇನ್ನೊಂದು ಒಲೆಯಲ್ಲಿ ನೈಪತ್ತಲ್. ಹೆಚ್ಚುಕಡಿಮೆ ಅದೇ ಹಿಟ್ಟನ್ನು ಎಣ್ಣೆ ಸವರಿದ ಬಾಳೆ ಎಲೆಯ ಮೇಲಿಟ್ಟು, ಮೂರು ಬೆರಳು ಸುತ್ತಿಸಿ ತಟ್ಟಿ, ಎಲೆಯಿಂದ ಅಂಗೈಗೆ, ಅಂಗೈಯಿಂದ ಬಾಣಲೆಗೆ. ಮುಳುಗಿದ್ದು ಕ್ಷಣದಲ್ಲಿ ಉಬ್ಬಿ ಮೇಲೆ ಬರುತ್ತಿತ್ತು. ಪಕ್ಕದಲ್ಲಿ ಸೊಸೆ ಬೆಳ್ಳಗಿನ ಪತ್ತಿರಿ ಲಟ್ಟಿಸಿ ಕಾವಲಿಯಲ್ಲಿ ಸುಟ್ಟು ತೆಂಗಿನ ಹಾಲಿನಲ್ಲಿ ಅದ್ದುತ್ತಿದ್ದಳು. ಒಂದೇ ಅಕ್ಕಿಗೆ ಎಷ್ಟು ಅವತಾರ!

ಇಬ್ನ್ ಬತೂತ ಈ ಅಡುಗೆಮನೆಗೆ ಬರಬೇಕಿತ್ತು. 1340ರ ದಶಕದಲ್ಲಿ ಅವನು ಈ ಕರಾವಳಿಯಲ್ಲಿ ಓಡಾಡಿ, ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಪಂಕ್ತಿಯಲ್ಲಿ ಕೂತು ಉಂಡವನು. ಸೌಟಿನಲ್ಲಿ ಬಡಿಸಿದ ಅನ್ನ, ಮೇಲೆ ತುಪ್ಪ, ಬದಿಗೆ ಹಸಿ ಕಾಳುಮೆಣಸು, ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ, ಆಮೇಲೆ ಕೋಳಿ, ಆಮೇಲೆ ಮೀನು, ಕೊನೆಗೆ ಮೊಸರು ಎಂದು ಬಡಿಸಿದ ಕ್ರಮವನ್ನೇ ಬರೆದಿದ್ದಾನೆ. ಬಡಿಸುವ ಕ್ರಮದಲ್ಲಿ ಇವತ್ತಿಗೂ ದೊಡ್ಡ ವ್ಯತ್ಯಾಸವಿಲ್ಲ. ಆದರೆ ತಿಂಗಳುಗಟ್ಟಲೆ ರೊಟ್ಟಿಯ ಮುಖ ಕಾಣದೆ ಬರೀ ಅನ್ನ ಉಂಡು, ಕೊನೆಕೊನೆಗೆ ನೀರು ಕುಡಿದು ನುಂಗಬೇಕಾಯಿತು ಎಂದು ಗೊಣಗಿಯೂ ಇದ್ದಾನೆ. ಪಾಪ, ಅವನಿಗೆ ಯಾರೂ ಪತ್ತಿರಿ ಸುಟ್ಟು ಹಾಕಲಿಲ್ಲವೇನೋ.

ಮೇಜಿಗೆ ಕೂತೆವು. ನನ್ನ ಕಡೆ ಅಂಜಲ್ ಹುರಿದದ್ದು, ಅರಿಕಡುಕ್ಕ, ಕೋಳಿ ಸಾರು. ಇವರ ಕಡೆ ಮೊಟ್ಟೆ ರೋಸ್ಟ್, ಕಡಲೆ ಸಾರು, ನೈಪತ್ತಲ್‌ನ ರಾಶಿ. 'ಅಳಿಯ ಮಾಂಸ ತಿನ್ನೋದಿಲ್ಲ' ಎಂದು ಇಚ್ಚ ಹೇಳಿದಾಗ ಉಮ್ಮ ಮರುಗಿದ್ದರಂತೆ. ಅದಕ್ಕೇ ಸಿಹಿಯಲ್ಲಿ ತೀರಿಸಿದ್ದರು. ನೇಂದ್ರ ಬಾಳೆಯನ್ನು ಬೇಯಿಸಿ ನುಣ್ಣಗೆ ಅರೆದು, ಒಳಗೆ ತೆಂಗು ಸಕ್ಕರೆ ಗೋಡಂಬಿ ಇಟ್ಟು ಕರಿದ ಉನ್ನಕ್ಕಾಯಿ. ಬಾಳೆಹಣ್ಣು ಮೊಟ್ಟೆ ಸೇರಿಸಿ ಹದವಾಗಿ ಬೇಯಿಸಿದ ಕಾಯಿಪೋಳ. ಕೊನೆಗೆ ಒಂದು ತಟ್ಟೆ ತುಂಬಾ ಬಂಗಾರದ ಎಳೆಗಳು. ಇವರ ಕೈ ಗಾಳಿಯಲ್ಲೇ ನಿಂತಿತು.

ಅದು ಮುಟ್ಟಮಾಲ, ಮೊಟ್ಟೆಯ ಮಾಲೆ. ಹೇಗೆ ಮಾಡಿದಿರಿ ಎಂದು ಇವರು ಎಷ್ಟು ಸಲ ಕೇಳಿದರೆಂದರೆ, ಉಮ್ಮ ಸೋತು ಎದ್ದು ಒಲೆ ಹಚ್ಚಿ ತೋರಿಸಿದರು. ತಳದಲ್ಲಿ ಸೂಜಿಗಾತ್ರದ ತೂತು ಕೊರೆದ ಒಂದು ತೆಂಗಿನ ಚಿಪ್ಪು. ಬಟ್ಟೆಯಲ್ಲಿ ಸೋಸಿದ ಹಳದಿ ಲೋಳೆಯನ್ನು ಅದಕ್ಕೆ ಸುರಿದು, ಕುದಿಯುವ ಸಕ್ಕರೆ ಪಾಕದ ಮೇಲೆ ಕೈಯನ್ನು ಗಿರಗಿರ ಸುತ್ತಿಸಿದರು. ಪಾಕ ನೊರೆ ಕಟ್ಟಿ ಏರಿತು, ಅದರೊಳಗೆ ನೂಲು ಬಿಡಿಸಿದ ಹಾಗೆ ಎಳೆ ಬಿದ್ದಿತು. ತಣ್ಣೀರು ಚಿಮುಕಿಸಿದರೆ ನೊರೆ ಇಳಿದು ಮಾಲೆ ಕಾಣಿಸಿತು. ಸೌಟಿನ ಬೆನ್ನಿನಿಂದ ಎತ್ತಿ ಹರವಿದರು.

ಪೋರ್ಚುಗಲ್ಲಿನಲ್ಲೂ ಇದೇ ತಿನಿಸು ಇದೆ. ಅಲ್ಲಿಂದ ಹಡಗು ಹತ್ತಿ ಅದು ಹೋದ ಕಡೆಗಳನ್ನು ನೆನೆದರೆ ತಲೆ ತಿರುಗುತ್ತದೆ. ಥಾಯ್ಲೆಂಡಿನಲ್ಲಿ ಫೋಯ್ ಥೋಂಗ್ ಎಂದು ಮದುವೆಗೆ ಹಂಚುತ್ತಾರೆ, ಜಪಾನಿನ ಫುಕುಒಕದಲ್ಲಿ ಕೇರಾನ್ ಸೋಮೆನ್ ಎಂದು ಮಾರುತ್ತಾರೆ. ಮಲಬಾರಿಗೂ ಹಾಗೆಯೇ ಬಂದಿರಬೇಕು. ಪೋರ್ಚುಗೀಸರನ್ನು ಸಮುದ್ರದ ಮೇಲೆ ತಲೆಮಾರುಗಳ ಕಾಲ ಎದುರಿಸಿದ ಮಾಪಿಳ್ಳೆ ಮುಸ್ಲಿಮರ ಮನೆಯಲ್ಲೇ ಆ ಸಿಹಿ ಅಳಿಯನ ತಟ್ಟೆಗೆ ಬಂದು ಕೂತಿದೆ.

ಬಿಳಿ ಲೋಳೆ ಎಲ್ಲಿಗೆ ಹೋಯಿತು ಎಂದು ಇವರು ಕೇಳಿದರು. ಲೆಕ್ಕದ ಮನುಷ್ಯ. ಉಮ್ಮ ಮಾಲೆಯನ್ನು ಒಂದಿಷ್ಟು ಸರಿಸಿ ತೋರಿಸಿದರು. ಅದರ ಅಡಿಯಲ್ಲಿ, ಉಳಿದ ಪಾಕ ಏಲಕ್ಕಿ ಸೇರಿಸಿ ಹಬೆಯಲ್ಲಿ ಬೇಯಿಸಿ ಬಿಲ್ಲೆ ಕತ್ತರಿಸಿದ ಬಿಳಿಯ ಪಿಂಞಾಣತ್ತಪ್ಪ ಕಾದು ಕೂತಿತ್ತು. ಅದೂ ಮುಗಿಯಿತು. ಸುಲೈಮಾನಿ ಕುಡಿದು ಏಳುವಾಗ ಇವರಿಗೆ ಮೇಜು ಹಿಡಿದುಕೊಳ್ಳಬೇಕಾಯಿತು.

ವಾಪಸು ಬರುವ ದಾರಿಯಲ್ಲಿ ತೆಂಗಿನ ಮರಗಳ ಆಚೆಯಿಂದ ಚೆಂಡೆ ಕೇಳಿಸಿತು. ಯಾವುದೋ ತರವಾಡಿನಲ್ಲಿ ಕಳಿಯಾಟ. 'ತೆಯ್ಯಂ ನೋಡಿ ಹೋಗುವುದಾ?' ಎಂದು ಇಚ್ಚ ಕಾರು ನಿಲ್ಲಿಸಿಯೇ ಕೇಳಿದರು. ಅಂಗಳದಲ್ಲಿ ಸೂಟೆಯ ಬೆಳಕು, ಮುಖಕ್ಕೆ ಬಣ್ಣ ಬರೆಸಿಕೊಳ್ಳುತ್ತಾ ಅಂಗಾತ ಮಲಗಿದ ದೈವ, ಬದಿಗೆ ದೊಡ್ಡ ಚಪ್ಪರ. ಚಪ್ಪರದಲ್ಲಿ ಊರಿಗೆ ಊರೇ ಸಾಲಾಗಿ ಕೂತು ಉಣ್ಣುತ್ತಿತ್ತು. ಕುಚ್ಚಿಲಕ್ಕಿ ಅನ್ನದ ಹಬೆ, ಸಾಂಬಾರಿನ ಕೊಪ್ಪರಿಗೆ, ಬಕೆಟ್ಟು ಹಿಡಿದು ಓಡುವ ಹುಡುಗರು. ಗಂಟೆ ಹನ್ನೊಂದಾಗಿತ್ತು.

'ಇಚ್ಚ, ರಾತ್ರಿಯ ದೊಡ್ಡ ಊಟ ಅಳಿಯನಿಗೆ ಮಾತ್ರ ಎಂದಿರಲ್ಲ?' ಎಂದೆ.

'ಇದು ದೈವದ್ದು ಅಕ್ಕ, ಇದರ ಲೆಕ್ಕ ಬೇರೆ' ಎಂದವರು ಚಪ್ಪಲಿ ಕಳಚಿ ಯಾರನ್ನೋ ಮಾತಾಡಿಸುತ್ತಾ ಪಂಕ್ತಿಯ ತುದಿಯಲ್ಲಿ ಜಾಗ ಹಿಡಿದರು. ಒಬ್ಬ ಹುಡುಗ ನಮ್ಮ ಮುಂದೆಯೂ ಎಲೆ ಹಾಕಿದ. ಬೇಡ ಎನ್ನುವಷ್ಟರಲ್ಲಿ ಅನ್ನ ಬಿದ್ದಾಗಿತ್ತು. ಇವರು ನನ್ನ ಕಡೆ ನೋಡಿದರು, ಎಲೆಯ ಕಡೆ ನೋಡಿದರು, ಸೊಂಟದ ಬೆಲ್ಟನ್ನು ಒಂದು ತೂತು ಸಡಿಲಿಸಿ ಉಪ್ಪಿನಕಾಯಿ ಕೇಳಿದರು.